ಸೂತ್ರ ಕಟ್ಟುವ ಕೈ

ಕೇಳುಗರಿಗೆ ನಮಸ್ಕಾರ.

ನಮ್ಮ ಕುಂಬಳೆ ಕಡೆ ಮಳೆಗಾಲದಲ್ಲಿ ಗಾಳಿಪಟದ ಹೆಸರೆತ್ತುವ ಹಾಗಿಲ್ಲ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲು ಮುಗಿದು ಗದ್ದೆ ಒಣಗಬೇಕು. ಆಮೇಲೆ ನಮ್ಮ ಕಾಲ. ನನಗೀಗ 62 ವರ್ಷ. ಏಳನೇ ವಯಸ್ಸಿನಲ್ಲಿ ಹಿಡಿದ ದಾರ ಇನ್ನೂ ಕೈಯಲ್ಲೇ ಇದೆ.

ಆಗ ಅಂಗಡಿ ಪಟ ಎಲ್ಲಿತ್ತು? ಅಜ್ಜಿಯ ಹಿಡಿಸೂಡಿಯಿಂದ, ಅಂದರೆ ತೆಂಗಿನಕಡ್ಡಿಯ ಪೊರಕೆಯಿಂದ, ಎರಡು ಕಡ್ಡಿ ಮೆಲ್ಲ ಎಳೆಯುವುದು. ಹಸಿ ಕಡ್ಡಿ ಭಾರ, ಪೂರ್ತಿ ಒಣಗಿದ್ದು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಅರೆ ಒಣಗಿದ್ದೇ ಆಗಬೇಕು. ಮೇಲೆ ಹಳೇ ಪೇಪರು. ಅಂಟಿಗೆ ಅನ್ನ. ಅದೂ ಕುಚ್ಚಲಕ್ಕಿಯದ್ದು ಹಿಡಿಯುವುದಿಲ್ಲ, ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವನ್ನೇ ಬೆರಳಲ್ಲಿ ಚೆನ್ನಾಗಿ ಮಸೆಯಬೇಕು. ಬಾಲಂಗೋಚಿಗೆ ಹಳೇ ಸೀರೆಯ ಅಂಚು.

ಇಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ಪಟ ಏಳುವುದೂ ಬೀಳುವುದೂ ಇರುವುದು ಸೂತ್ರದಲ್ಲಿ, ಅಂದರೆ ಹಾರಿಸುವ ದಾರವನ್ನು ಪಟಕ್ಕೆ ಸೇರಿಸುವ ನೂಲಿನ ಕಟ್ಟಿನಲ್ಲಿ. ಕಡ್ಡಿಗಳು ಕೂಡುವ ಕಡೆ ಒಂದು ತೂತು, ಬಾಲದಿಂದ ನಾಲ್ಕು ಬೆರಳು ಮೇಲೆ ಇನ್ನೊಂದು. ಎರಡಕ್ಕೂ ಸೇರಿಸಿ ನೂಲು ಸಡಿಲವಾಗಿ ಕಟ್ಟಿ. ಈಗ ಆ ನೂಲನ್ನು ಬೆರಳಿಗೆ ಸಿಕ್ಕಿಸಿ ಪಟದ ಬದಿಯ ಮೂಲೆಗೆ ಎಳೆಯಿರಿ. ಮೂಲೆ ಮುಟ್ಟಿದ ಜಾಗದಲ್ಲೇ ಗಂಟು. ಗಾಳಿ ಜೋರಿದ್ದರೆ ಗಂಟನ್ನು ಒಂದಿಷ್ಟು ಮೇಲಕ್ಕೆ ಸರಿಸಬೇಕು, ಸಪ್ಪೆಯಾದರೆ ಕೆಳಕ್ಕೆ. ಒಂದು ಅಕ್ಕಿಕಾಳಿನಷ್ಟು ಸರಿಸಿದರೂ ಪಟದ ಸ್ವಭಾವವೇ ಬೇರೆ. ಗಿರಗಿರ ಸುತ್ತುತ್ತಿದ್ದರೆ ಬಾಲ ಉದ್ದ ಮಾಡಿ. ಇದನ್ನು ಹೇಳಿ ಕಲಿಸಲು ಆಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಗುವಿನ ಪಕ್ಕ ಕೂತು, ಅದರ ಬೆರಳು ಹಿಡಿದು ಎರಡು ಸಲ ಕಟ್ಟಿಸಿದರೆ ಸಾಕು.

ನಾನು ಪಟ ಹಾರಿಸುವ ಕೊಯಿಪ್ಪಾಡಿ ಕಡಪ್ಪುರದಲ್ಲಿ, ಅಂದರೆ ಕಡಲತೀರದಲ್ಲಿ, ಗಾಳಿಯೂ ಹೊತ್ತು ನೋಡಿಯೇ ಬರುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ಸಮುದ್ರ ಕಾಯುವುದು ನಿಧಾನ. ಕಾದ ನೆಲದ ಗಾಳಿ ಮೇಲೇರಿದಾಗ ಸಮುದ್ರದ ತಂಪು ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ಇದು ತಿರುಗುಮುರುಗು. ಹಾಗಾಗಿ ಬೆಳಿಗ್ಗೆ ಬೇಗ ದಾರ ತುಂಡಾದರೆ ಪಟ ಸಮುದ್ರದ ಪಾಲು, ಸಂಜೆ ತುಂಡಾದರೆ ತೆಂಗಿನಮರದ ಪಾಲು. ನನಗೆ ಸಂಜೆಯ ನಾಲ್ಕು ಗಂಟೆಯೇ ಇಷ್ಟ. ಆಗ ಗಾಳಿ ಒಂದೇ ಸಮ. ದಾರದ ಮೇಲೆ ತೋರುಬೆರಳು ಇಟ್ಟರೆ ಮೇಲಿನ ಪಟ ನಡುಗುವುದು ಇಲ್ಲಿಗೆ ಗೊತ್ತಾಗುತ್ತದೆ.

ಒಂದು ಮಾತು ಹೇಳಲೇಬೇಕು. ಒಮ್ಮೆ ಗಟ್ಟಿ ಇರಲಿ ಅಂತ ನೈಲಾನ್ ದಾರ ತಂದೆ. ಅದು ಗದ್ದೆಯ ಬದಿಯ ಮರಕ್ಕೆ ಸಿಕ್ಕಿತು, ನಾನು ಅಲ್ಲೇ ಬಿಟ್ಟು ಬಂದೆ. ಮೂರನೇ ದಿನ ಅದರಲ್ಲಿ ಒಂದು ಬೆಳ್ಳಕ್ಕಿ ನೇತಾಡುತ್ತಿತ್ತು. ಬಿಡಿಸಿ ಕೆಳಗಿಳಿಸುವಷ್ಟರಲ್ಲಿ ಪ್ರಾಣ ಹೋಗಿತ್ತು. ರೆಕ್ಕೆಯ ಬುಡಕ್ಕೆ ದಾರ ಎಷ್ಟು ಆಳ ಇಳಿದಿತ್ತೆಂದರೆ, ಕತ್ತರಿಯ ತುದಿಯೂ ಹೋಗಲಿಲ್ಲ. ಅಂದಿನಿಂದ ನನ್ನದು ಹತ್ತಿ ನೂಲು ಮಾತ್ರ. ನೈಲಾನ್ ಮಾಂಜಾವನ್ನು, ಅಂದರೆ ಪಟದ ನೈಲಾನ್ ದಾರವನ್ನು, 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಲ್ಲೆಲ್ಲ ನಿಷೇಧಿಸಿದೆ. ದಯವಿಟ್ಟು ಮಕ್ಕಳ ಕೈಗೆ ಅದನ್ನು ಕೊಡಬೇಡಿ.

ಈ ಮಾತು ರೇಡಿಯೋದಲ್ಲಿ ಆಡಲು ನನಗೆ ಜಾಸ್ತಿ ಖುಷಿ, ಯಾಕೆ ಗೊತ್ತಾ? 1901ರ ಡಿಸೆಂಬರ್ 12ರಂದು ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ನಿಸ್ತಂತು ಸಂಕೇತ ಕೇಳಿದ್ದು ನ್ಯೂಫೌಂಡ್‌ಲ್ಯಾಂಡಿನ ಗುಡ್ಡವೊಂದರ ಮೇಲೆ. ತಂತಿಯನ್ನು ಮೇಲೆ ಎತ್ತಿ ಹಿಡಿದಿದ್ದು ಗಾಳಿಪಟ! ಕೇಳಿಸಿದ್ದು ಮೂರೇ ಟಿಕ್ ಟಿಕ್, ಮೋರ್ಸ್‌ನ 'ಎಸ್' ಅಕ್ಷರ. ಆ ಬಿರುಗಾಳಿಯಲ್ಲಿ ಪಟವನ್ನು ನಿಲ್ಲಿಸಿದವರು ಸೂತ್ರ ಹೇಗೆ ಕಟ್ಟಿದ್ದರೋ, ಒಮ್ಮೆ ನೋಡಬೇಕಿತ್ತು ಅಂತ ನನಗೆ ಈಗಲೂ ಆಸೆ.

ಕಡಪ್ಪುರದಲ್ಲಿ ನನ್ನ ಸುತ್ತ ಸೇರುವ ಮಕ್ಕಳಲ್ಲಿ ಒಬ್ಬ ಮಲಯಾಳದಲ್ಲಿ 'ಪಟ್ಟಂ' ಅನ್ನುತ್ತಾನೆ, ಒಬ್ಬಳು ತುಳುವಿನಲ್ಲಿ ಕೂಗುತ್ತಾಳೆ, ನಾನು 'ಪಟ' ಅನ್ನುತ್ತೇನೆ. ಗದ್ದೆ ಒಣಗಿದ ಮೇಲೆ ಆದಿತ್ಯವಾರ ನಾಲ್ಕು ಗಂಟೆಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ. ಕಡ್ಡಿ, ಪೇಪರು ನನ್ನ ಹತ್ತಿರ ಇದೆ. ಬೆಳ್ತಿಗೆ ಅನ್ನ ಒಂದು ಹಿಡಿ ತಂದರಾಯಿತು.

ನಮಸ್ಕಾರ.