ಮನೆಯೊಳಗಿನ ಚಪ್ಪಲಿ

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಹುಡುಗಿಯರು ಮುಂದೆ, ಡಾಕ್ಟರುಗಳು ಹಿಂದೆ ಕೂತಿದ್ದೀರಿ. ಮೂವತ್ತು ವರ್ಷದ ನೌಕರಿಯಲ್ಲಿ ರೌಂಡ್ಸ್ ಟೈಮಿಗೆ ಈ ದೃಶ್ಯ ನಾನು ನೋಡಿಲ್ಲ.

ಆಸ್ಪತ್ರೆಯಲ್ಲಿ ತಂಡ ಹೇಗೆ ಬಾಳುತ್ತೆ ಅಂತ ಹೇಳಿ ಎಂದಿದ್ದಾರೆ. ಇದೇ ದಾವಣಗೆರೆಯ ಒಂದು ವಾರ್ಡಿನ ಮಾತು ಹೇಳ್ತೀನಿ. ಜಗಳೂರು ಕಡೆಯ ರೈತರೊಬ್ಬರು, ಶುಗರ್ ಇತ್ತು, ಹೆಬ್ಬೆರಳ ಬುಡದಲ್ಲಿ ಹುಣ್ಣು. ಸ್ಪರ್ಶ ಇದೆಯಾ ಅಂತ ನೋಡೋಕೆ ನೈಲಾನ್ ಎಳೆಯಿಂದ ಪಾದ ಒತ್ತಿದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಫಿಜಿಷಿಯನ್, ಸರ್ಜನ್, ಡಯಟೀಷಿಯನ್ ಎಲ್ಲರೂ ನೋಡಿದರು. ಎಂಸಿಆರ್ ಅನ್ನುವ ಸ್ಪಂಜಿನಂಥ ರಬ್ಬರಿನ ಮೆತ್ತನೆ ಚಪ್ಪಲಿಯನ್ನೂ ಅಳತೆಗೆ ಮಾಡಿಸಿಕೊಟ್ಟೆವು. ಹುಣ್ಣು ಮಾಯಿತು, ಮತ್ತೆ ಬಂತು. ಮೂರನೇ ಸಲ ಅಡ್ಮಿಟ್ ಆದಾಗ ಕೇಸ್ ಶೀಟಿನಲ್ಲಿ ‘ಹೇಳಿದ್ದು ಕೇಳುತ್ತಿಲ್ಲ’ ಅಂತ ಬರೆದರು. ಬರೆದವಳು ನಾನೇ.

ಬೆಡ್‌ಶೀಟ್ ಬದಲಿಸುತ್ತಿದ್ದ ಆಯಮ್ಮ ಆ ರೈತರನ್ನ ಸುಮ್ಮನೆ ಮಾತಾಡಿಸಿದ್ದರು. ರೈತರು ಅಂದಿದ್ದಿಷ್ಟು: “ದೇವ್ರ ಜಗಲಿ ಐತಲ್ಲವ್ವ, ಮನಿಯೊಳಗೆ ಚಪ್ಪಲಿ ಹಾಕ್ಕಂಡು ಹೆಂಗ್ ಅಡ್ಡಾಡಲಿ?”

ಅಷ್ಟೇ. ಹೊಲಕ್ಕೆ ಚಪ್ಪಲಿ ಹಾಕುತ್ತಿದ್ದರು, ಮನೆಯಲ್ಲಿ ಬರಿಗಾಲು. ಹೊರಗೆ ಹೋಗದ ಇನ್ನೊಂದು ಜೊತೆ, ಮನೆಯೊಳಗೆ ಮಾತ್ರ ಅಂತ ಮಾಡಿಸಿಕೊಟ್ಟೆವು. ಮನೆಯವರೂ ಒಪ್ಪಿದರು.

ಮುಂದಿನ ಶುಕ್ರವಾರದ ಮೀಟಿಂಗಿಗೆ ಡಾಕ್ಟರ್ ಆಯಮ್ಮನಿಗೂ ಕುರ್ಚಿ ಹಾಕಿಸಿದರು. ಎರಡು ವಾರ ಅವರು ಕೂರಲೇ ಇಲ್ಲ, ಬಾಗಿಲ ಹತ್ತಿರ ನಿಂತರು. ಮೂರನೇ ವಾರ ಡಾಕ್ಟರ್ ತಾವು ಬಾಯಿ ಬಿಡುವ ಮೊದಲೇ ಅವರ ಹೆಸರು ಕರೆದು ಕೇಳಿದರು. ದೊಡ್ಡವರು ಒಮ್ಮೆ ಅಭಿಪ್ರಾಯ ಹೇಳಿದ ಮೇಲೆ ಉಳಿದವರೆಲ್ಲ ಹೌದು ಸರ್ ಅನ್ನುವುದು ನಿಮಗೆ ಗೊತ್ತೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆಂದು ಒಂದು ಚೆಕ್‌ಲಿಸ್ಟ್ ತಂತು. ಕತ್ತಿ ಇಡುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅನ್ನುವುದೂ ಅದರಲ್ಲಿದೆ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು ಅಂತ 2009ರಲ್ಲಿ ವರದಿ ಬಂತು. ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಇಂಥದ್ದೇ ಚೆಕ್‌ಲಿಸ್ಟ್ ತಂದವು. ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಅಂತ 2014ರ ವರದಿ. ಕಾರಣಕ್ಕೆ ಪಂಡಿತರು ಇನ್ನೂ ವಾದಿಸುತ್ತಾರೆ. ನನಗೇನೋ ಸಂಶಯ: ಬಾಯಿಂದ ಹೇಳಬೇಕಾದ್ದನ್ನ ಎಷ್ಟೋ ಕಡೆ ಟಿಕ್ ಹಾಕಿ ಮುಗಿಸಿರಬೇಕು. ನಾನೂ ಹಾಗೆ ಹಾಕಿದ್ದೀನಿ.

ನಮ್ಮ ಮೀಟಿಂಗೂ ಉಳಿಯಲಿಲ್ಲ. ಆ ಡಾಕ್ಟರಿಗೆ ವರ್ಗವಾಯಿತು, ಎರಡೇ ತಿಂಗಳಲ್ಲಿ ಶುಕ್ರವಾರ ಖಾಲಿ. ಒಳ್ಳೆ ಮನುಷ್ಯ ಇದ್ದಾಗ ನಡೆದದ್ದು ಆತನ ಜೊತೆಗೇ ಹೋಯಿತು. ಆಮೇಲೆ ನಾನು, ಡ್ಯೂಟಿ ಬದಲಾಗುವಾಗ ನೋಡುವ ಹ್ಯಾಂಡೋವರ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ: ‘ಶುಕ್ರವಾರ ಎರಡು ಗಂಟೆ. ಮೊದಲು ಆಯಮ್ಮ.’

ಮತ್ತೊಬ್ಬ ಡಾಕ್ಟರ್ ಬಂದು ಅದನ್ನ ಓದಿ, “ಆಯಮ್ಮ ಎಲ್ಲಿ?” ಅಂದರು. ನಮ್ಮ ಹಳೇ ಆಯಮ್ಮ ಅಷ್ಟರಲ್ಲಿ ರಿಟೈರ್ ಆಗಿದ್ದರು. ಹೊಸಬಳು ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರ್ ಅವಳ ಹೆಸರು ಕೇಳಿದರು.