ಹಾಕಿ ಸ್ಟಿಕ್‌ನ ಗ್ರಿಪ್ ಮುಟ್ಟಿದ್ರೆ ಬ್ಯಾಲೆನ್ಸೂ ಬದಲಾಗುತ್ತೆ

ನಮಸ್ಕಾರ. ಮೇಜಿನ ಮೇಲೆ ಇರೋದು 36.5 ಇಂಚಿನ ಕಾಂಪೋಸಿಟ್ ಹಾಕಿ ಸ್ಟಿಕ್, ಅಂದ್ರೆ ಕಾರ್ಬನ್ ಥರದ ನಾರನ್ನ ರೆಸಿನ್ ಅನ್ನೋ ಗಟ್ಟಿಯಾಗೋ ಅಂಟಲ್ಲಿ ಕೂಡಿಸಿ ಮಾಡಿದ್ದು. ಸೆಂಟಿಮೀಟರ್ ಲೆಕ್ಕದಲ್ಲಿ ಹತ್ತಿರಹತ್ತಿರ 93. ಪಕ್ಕದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಟೈಲರ್ ಟೇಪು, ಗಟ್ಟಿ ದಾರ, ಬಟ್ಟೆ ಟೇಪು, ಕತ್ತರಿ, ಒಂದು ಹೊಸ ಶಾಮಿ ಗ್ರಿಪ್ (ನೀರು ಹೀರೋ ಮೆತ್ತನೆ ಬಟ್ಟೆಯಂಥ ಪಟ್ಟಿ). ಇವತ್ತಿನ ಕೆಲಸಕ್ಕೆ ಇಷ್ಟು ಸಾಕು.

"ಸ್ಟಿಕ್ ತಲೆಭಾರ ಅನ್ಸುತ್ತಾ? ಮೇಲೆ ಇನ್ನೊಂದು ಗ್ರಿಪ್ ಸುತ್ತು, ಸರಿಹೋಗುತ್ತೆ." ಈ ಸಲಹೆ ಕೇಳದೇ ಇರೋ ಆಟಗಾರ ಸಿಗೋದು ಕಷ್ಟ. ತಲೆ ಅಂದ್ರೆ ಸ್ಟಿಕ್‌ನ ಬಾಗಿದ ಕೆಳತುದಿ, ಚೆಂಡಿಗೆ ತಾಗೋ ಭಾಗ. ಸಲಹೆ ಪೂರ್ತಿ ಸುಳ್ಳೇನಲ್ಲ. ಆದ್ರೆ ಇನ್ನೊಂದು ಗ್ರಿಪ್ ಸುತ್ತಿದಾಗ ಮೂರು ಬದಲಾವಣೆ ಒಟ್ಟಿಗೇ ಆಗುತ್ತೆ: ಬ್ಯಾಲೆನ್ಸ್ ಪಾಯಿಂಟ್ (ಸ್ಟಿಕ್ ಎರಡೂ ಕಡೆ ಸಮತೂಗಿ ನಿಲ್ಲೋ ಜಾಗ) ಮೇಲಕ್ಕೆ ಸರಿಯುತ್ತೆ, ಒಟ್ಟು ತೂಕ ಏರುತ್ತೆ, ಹಿಡಿ ದಪ್ಪ ಆಗುತ್ತೆ. ಒಂದನ್ನ ಸರಿಮಾಡೋಕೆ ಹೋಗಿ ಇನ್ನೆರಡನ್ನ ಕೆಡಿಸಿಕೊಳ್ಳೋದು ಇಲ್ಲೇ. ಅದಕ್ಕೇ ಮೊದಲು ಅಳತೆ, ಆಮೇಲೆ ಟೇಪು.

ತೂಕದಿಂದ ಶುರು ಮಾಡೋಣ. ಈ ಸ್ಟಿಕ್ 535 ಗ್ರಾಂ ತೂಗ್ತಾ ಇದೆ. ದೊಡ್ಡವರು ಆಡೋ ಹಗುರ ಸ್ಟಿಕ್‌ಗಳು ಸಾಮಾನ್ಯವಾಗಿ ಈ ಆಸುಪಾಸಲ್ಲೇ ಇರುತ್ತವೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ನಿಯಮದ ಪ್ರಕಾರ ಗ್ರಿಪ್, ಟೇಪು ಎಲ್ಲಾ ಸೇರಿ 737 ಗ್ರಾಂ ಮೀರಬಾರದು. ಅಷ್ಟು ಭಾರದ ಸ್ಟಿಕ್ ಇವತ್ತು ಯಾರೂ ಹಿಡಿಯಲ್ಲ, ಹಾಗಾಗಿ ತೂಕದ ಮಿತಿಯ ಚಿಂತೆ ಬೇಡ.

ಈಗ ಬ್ಯಾಲೆನ್ಸ್ ಪಾಯಿಂಟ್. ಬೆರಳ ಮೇಲೆ ನಿಲ್ಲಿಸಿ ನೋಡಿದ್ರೆ ಅಂದಾಜು ಸಿಗುತ್ತೆ, ನಿಖರ ಅಳತೆ ಸಿಗಲ್ಲ. ಸ್ಟಿಕ್ ಬಾಗಿರೋದ್ರಿಂದ ಬೆರಳ ಮೇಲೆ ಉರುಳುತ್ತೆ. ದಾರದಲ್ಲಿ ಒಂದು ಕುಣಿಕೆ ಮಾಡಿ, ಸ್ಟಿಕ್ಕನ್ನ ಅದರೊಳಗೆ ತೂರಿಸಿ ತೂಗುಹಾಕಿ. ಅಡ್ಡವಾಗಿ ನೆಟ್ಟಗೆ ನಿಲ್ಲೋ ತನಕ ಕುಣಿಕೆಯನ್ನ ಆಕಡೆ ಈಕಡೆ ಸರಿಸಿ. ನಿಂತ ಜಾಗದಲ್ಲಿ ಪೆನ್ಸಿಲ್ ಗುರುತು. ಆಮೇಲೆ ತಲೆ ನೆಲಕ್ಕೆ ತಾಗೋ ಹಾಗೆ ಸ್ಟಿಕ್ಕನ್ನ ಗೋಡೆಗೆ ಒರಗಿಸಿ ನೇರ ನಿಲ್ಲಿಸಿ, ನೆಲದಿಂದ ಗುರುತಿನವರೆಗೆ ಅಳೀರಿ. ಇಲ್ಲಿ 39 ಸೆಂ.ಮೀ. ಬಂತು. ಎರಡು ಸ್ಟಿಕ್ ಹೋಲಿಸುವಾಗ ಎರಡನ್ನೂ ಹೀಗೇ ಅಳೀಬೇಕು. ಒಬ್ಬರು ತಲೆಯಿಂದ, ಇನ್ನೊಬ್ಬರು ಹ್ಯಾಂಡಲ್ ತುದಿಯಿಂದ ಅಳೆದು ವಾದ ಮಾಡೋದು ತುಂಬಾ ನಡೆಯುತ್ತೆ.

ಈ ಅಳತೆಗೆ 20 ಗ್ರಾಂನ ಒಂದು ಶಾಮಿ ಗ್ರಿಪ್ ಸೇರಿಸಿ ನೋಡೋಣ. ಗ್ರಿಪ್‌ನ ಮಧ್ಯಭಾಗ ನೆಲದಿಂದ 78 ಸೆಂ.ಮೀ. ಎತ್ತರದಲ್ಲಿ ಬರುತ್ತೆ ಅಂತಿಟ್ಟುಕೊಳ್ಳಿ. 535 ಗುಣಿಸು 39, ಅದಕ್ಕೆ 20 ಗುಣಿಸು 78 ಕೂಡಿಸಿ, ಒಟ್ಟು ತೂಕ 555ರಿಂದ ಭಾಗಿಸಿ. 40.4 ಬರುತ್ತೆ. ಅಂದ್ರೆ ಬರೀ 20 ಗ್ರಾಂ ಬಟ್ಟೆ ಬ್ಯಾಲೆನ್ಸ್ ಪಾಯಿಂಟನ್ನ 1.4 ಸೆಂ.ಮೀ. ಮೇಲಕ್ಕೆ ಎತ್ತಿತು. ಕೈಗೆ ಗೊತ್ತಾಗೋವಷ್ಟು ದೊಡ್ಡ ವ್ಯತ್ಯಾಸ ಇದು. ಅದೇ, ತಲೆಗೆ 15 ಗ್ರಾಂ ಟೇಪು ಸುತ್ತಿದ್ರೆ 38.1ಕ್ಕೆ ಇಳಿಯುತ್ತೆ, ಸುಮಾರು 0.9 ಸೆಂ.ಮೀ. ಕೆಳಕ್ಕೆ.

ಇಲ್ಲೇ ಸ್ವಲ್ಪ ನಿಲ್ಲಬೇಕು. ಬ್ಯಾಲೆನ್ಸ್ ಪಾಯಿಂಟ್ ಮೇಲೆ ಬಂತು ಅಂದ ಮಾತ್ರಕ್ಕೆ ಸ್ಟಿಕ್ ಬೀಸೋಕೆ ಹಗುರ ಆಯ್ತು ಅಂತಲ್ಲ. ಸುತ್ತಿಗೆಯ ಹಿಡಿಗೆ ಬಟ್ಟೆ ಸುತ್ತಿದ್ರೆ ಸುತ್ತಿಗೆಯ ತಲೆ ಏನೂ ಕರಗಲ್ಲ. ಇಲ್ಲೂ ಅಷ್ಟೇ. ಬೀಸುವಾಗ ತೂಕದ ಪರಿಣಾಮ ಕೈಯಿಂದ ಅದು ಎಷ್ಟು ದೂರ ಇದೆ ಅನ್ನೋದರ ವರ್ಗದಷ್ಟು ಏರುತ್ತೆ. ಎಡಗೈ ಮಣಿಕಟ್ಟನ್ನ ಕೇಂದ್ರ ಅಂತಿಟ್ಟುಕೊಂಡ್ರೆ, 80 ಸೆಂ.ಮೀ. ಆಚೆ ಇರೋ ಒಂದು ಗ್ರಾಂ, 10 ಸೆಂ.ಮೀ. ಆಚೆ ಇರೋ ಒಂದು ಗ್ರಾಂಗಿಂತ 64 ಪಟ್ಟು ಹೆಚ್ಚು ತಡೆ ಒಡ್ಡುತ್ತೆ. ಹಾಗಾಗಿ ಮೇಲೆ ಸೇರಿಸಿದ ತೂಕದಿಂದ ಸ್ಟಿಕ್ ಎತ್ತಿ ಹಿಡಿದಾಗ, ಓಡುವಾಗ, ಒಂದೇ ಕೈಯಲ್ಲಿ ಚಾಚಿದಾಗ ಕೈಗೆ ಬೇರೆ ಥರ ಅನ್ಸುತ್ತೆ. ಹಿಟ್ ಹೊಡೆಯುವಾಗ ಮಾತ್ರ ತಲೆ ಮೊದಲಿನಷ್ಟೇ ಭಾರ. ಹಿಟ್ ಮಾಡುವಾಗ ತೋಳು ಸೋಲುತ್ತೆ ಅನ್ನೋರಿಗೆ ಗ್ರಿಪ್ ಸುತ್ತೋದು ಮದ್ದಲ್ಲ. ಅವರು ತಲೆಗೆ ಸುತ್ತಿರೋ ಟೇಪು ಬಿಚ್ಚಬೇಕು, ಇಲ್ಲಾಂದ್ರೆ ಹಗುರ ತಲೆಯ ಸ್ಟಿಕ್ ತಗೋಬೇಕು.

ಹಳೇ ಹಿಪ್ಪುನೇರಳೆ ಮರದ ಸ್ಟಿಕ್ ಇಟ್ಟುಕೊಂಡಿರೋರು ಇದನ್ನ ವಿಶೇಷವಾಗಿ ಗಮನಿಸಿ. ಮರದ ಸ್ಟಿಕ್‌ನ ತಲೆ ಸವೆಯಬಾರದು ಅಂತ ಫೈಬರ್ ಟೇಪು, ಅದರ ಮೇಲೆ ರೆಸಿನ್, ಮತ್ತೆ ಟೇಪು ಅಂತ ಪದರ ಏರಿಸ್ತಾ ಹೋಗ್ತಾರೆ. ಒಂದೊಂದು ಪದರವೂ ಅತಿ ದೂರದ ತುದಿಯಲ್ಲೇ ಕೂರುತ್ತೆ. ಮರದ ಸಾಂದ್ರತೆ ಒಂದರಂತೆ ಇನ್ನೊಂದು ಇರಲ್ಲ, ಹಾಗಾಗಿ ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದ ಎರಡು ಮರದ ಸ್ಟಿಕ್‌ಗಳ ಬ್ಯಾಲೆನ್ಸೂ ಬೇರೆಬೇರೆ ಇರಬಹುದು.

ಇನ್ನೊಂದು ಮುಖ್ಯ ವಿಷಯ. ಟೆನಿಸ್ ಆಡೋರು ರ‍್ಯಾಕೆಟ್‌ಗೆ ಸೀಸದ ಟೇಪು ಅಂಟಿಸ್ತಾರೆ. ಅದನ್ನ ನೋಡಿ ಹಾಕಿ ಸ್ಟಿಕ್‌ನ ಗ್ರಿಪ್ ಕೆಳಗೂ ಅಂಟಿಸೋರಿದ್ದಾರೆ. ದಯವಿಟ್ಟು ಬೇಡ. ಹಾಕಿ ಸ್ಟಿಕ್‌ನಲ್ಲಿ ಲೋಹ ಇರಲೇಬಾರದು ಅಂತ ನಿಯಮ ಸ್ಪಷ್ಟವಾಗಿ ಹೇಳುತ್ತೆ. ಟೇಪು, ರೆಸಿನ್ ಹಾಕಬಹುದು. ಆದ್ರೆ ಮೇಲ್ಮೈ ನುಣುಪಾಗೇ ಇರಬೇಕು, ಮತ್ತೆ ಇಡೀ ಸ್ಟಿಕ್ 51 ಮಿ.ಮೀ. ಒಳವ್ಯಾಸದ ಬಳೆಯೊಳಗೆ ತೂರಬೇಕು. ಹ್ಯಾಂಡಲ್ ಕಡೆ ತೂಕ ಬೇಕೇ ಬೇಕು ಅಂದ್ರೆ ಬಟ್ಟೆ ಟೇಪಿನ ನಾಲ್ಕೈದು ಸುತ್ತು ತುತ್ತತುದಿಯಲ್ಲಿ, ಗ್ರಿಪ್‌ನ ಅಡಿಯಲ್ಲಿ ಹಾಕಿ. ತುದಿಯಲ್ಲಿ 10 ಗ್ರಾಂ ಸೇರಿದ್ರೆ ನಮ್ಮ ಈ ಸ್ಟಿಕ್‌ನಲ್ಲಿ ಬ್ಯಾಲೆನ್ಸ್ ಸುಮಾರು 0.9 ಸೆಂ.ಮೀ. ಏರುತ್ತೆ. ಜೊತೆಗೆ ಅಲ್ಲೊಂದು ಸಣ್ಣ ಉಬ್ಬು ಸಿಗುತ್ತೆ. ಒಂದೇ ಕೈಯಲ್ಲಿ ಸ್ಟಿಕ್ ಚಾಚಿ ಚೆಂಡು ಕಸಿಯುವಾಗ ಎಡಗೈ ಜಾರದ ಹಾಗೆ ಆ ಉಬ್ಬು ತಡೆಯುತ್ತೆ.

ಬ್ಯಾಲೆನ್ಸ್ ಆಯ್ತು, ಇನ್ನು ದಪ್ಪ. ನನ್ನ ಪ್ರಕಾರ ಆಟ ಕೆಡಿಸೋದ್ರಲ್ಲಿ ಇದೇ ಮೊದಲು.

ಹಾಕಿಯಲ್ಲಿ ಎರಡೂ ಕೈಗಳ ಕೆಲಸ ಒಂದೇ ಅಲ್ಲ. ಎಡಗೈ ಮೇಲಿರುತ್ತೆ, ಸ್ಟಿಕ್ಕನ್ನ ತಿರುಗಿಸೋದು ಅದೇ. ಬಲಗೈ ಕೆಳಗಿರುತ್ತೆ, ಡ್ರಿಬಲ್ ಮಾಡುವಾಗ, ಅಂದ್ರೆ ಚೆಂಡನ್ನ ಸ್ಟಿಕ್‌ಗೆ ತಾಗಿಸ್ತಾ ಒಯ್ಯುವಾಗ, ಸಡಿಲವಾಗಿರುತ್ತೆ, ಸ್ಟಿಕ್ ಅದರೊಳಗೆ ತಿರುಗುತ್ತೆ. ಹಾಕಿ ಸ್ಟಿಕ್‌ಗೆ ಚಪ್ಪಟೆ ಮುಖ ಇರೋದು ಒಂದೇ ಕಡೆ, ಹಾಗಾಗಿ ಚೆಂಡನ್ನ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಒಯ್ಯೋ ಪ್ರತಿ ಸಲವೂ ಸ್ಟಿಕ್ ಮಗುಚಲೇಬೇಕು. ಎಡಗೈ ಹಿಡಿ ದಪ್ಪ ಆದಷ್ಟೂ ಈ ಮಗುಚಾಟ ನಿಧಾನ ಆಗುತ್ತೆ.

ಈಗ ಎಡಗೈ ಹಿಡಿತವನ್ನ ಹತ್ತಿರದಿಂದ ತೋರಿಸ್ತೀನಿ. ಆಟದಲ್ಲಿ ಹಿಡಿಯೋ ಹಾಗೇ ಹಿಡೀರಿ, ಬಿಗಿ ಬೇಡ. ನಡುಬೆರಳು, ಉಂಗುರಬೆರಳುಗಳ ತುದಿ ಸುತ್ತಿಕೊಂಡು ಬಂದು ಅಂಗೈಗೆ ಒತ್ತುತ್ತಾ ಇದ್ರೆ ಹಿಡಿ ಸಣ್ಣ. ಬೆರಳ ತುದಿಗೂ ಅಂಗೈಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದ್ರೆ ಹಿಡಿ ದಪ್ಪ. ಹಿಡಿ ಸಣ್ಣ ಇದ್ರೆ ಕೈ ಗೊತ್ತಿಲ್ಲದೇ ಬಿಗಿಯುತ್ತೆ, ಮುಂಗೈ ಬೇಗ ಸೆಟೆದುಕೊಳ್ಳುತ್ತೆ, ಗಟ್ಟಿ ಹಿಟ್ ಹೊಡೆದಾಗ ಸ್ಟಿಕ್ ಅಂಗೈಯಲ್ಲೇ ತಿರುಗಿ ಮುಖ ತೆರೆದುಕೊಳ್ಳುತ್ತೆ, ಚೆಂಡು ಎದ್ದುಬಿಡುತ್ತೆ. "ನೆಲಕ್ಕೇ ಹೊಡೆದೆ, ಆದ್ರೂ ಎದ್ದಿತು" ಅನ್ನೋರು ಸ್ವಿಂಗ್ ತಿದ್ದೋಕೆ ಮುಂಚೆ ಗ್ರಿಪ್ ನೋಡಲಿ.

ದಪ್ಪದ ಲೆಕ್ಕ ಸುಲಭ. ಒಂದು ಮಿ.ಮೀ. ಪದರ ಸುತ್ತಿದ್ರೆ ವ್ಯಾಸ 2 ಮಿ.ಮೀ., ಸುತ್ತಳತೆ 6 ಮಿ.ಮೀ.ಗೂ ಸ್ವಲ್ಪ ಜಾಸ್ತಿ ಏರುತ್ತೆ. ಅದರಲ್ಲೂ ಒಂದರ ಮೇಲೊಂದು ಸರಿಯೋ ಅಂಚಿನಲ್ಲಿ ಎರಡು ಪದರ ಬರುತ್ತೆ. ಹಳೇ ಗ್ರಿಪ್ ಬಿಚ್ಚದೇ ಅದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಅಂತ ಏರಿಸಿದ ಸ್ಟಿಕ್‌ಗಳಲ್ಲಿ ಹ್ಯಾಂಡಲ್‌ನ ಮೂಲ ಆಕಾರವೇ ಮುಚ್ಚಿಹೋಗಿರುತ್ತೆ. ಹ್ಯಾಂಡಲ್ ಪೂರ್ತಿ ಗುಂಡಗಿರಲ್ಲ, ಸ್ವಲ್ಪ ಮೊಟ್ಟೆಯಾಕಾರ. ಕಣ್ಣು ಚೆಂಡಿನ ಮೇಲಿದ್ರೂ ಸ್ಟಿಕ್‌ನ ಮುಖ ಯಾವ ಕಡೆ ಇದೆ ಅಂತ ಕೈಗೆ ಹೇಳೋದೇ ಆ ಆಕಾರ. ಅದನ್ನ ಉಳಿಸ್ಕೊಳ್ಳಿ.

ಯಾವ ಗ್ರಿಪ್ ಅನ್ನೋದಕ್ಕೆ ಮೈದಾನ ನೋಡಿ. ಬೆಂಗಳೂರಿನ ನೀರು ಹಾಯಿಸೋ ಟರ್ಫ್ ಮೇಲೆ ಆಡೋರಿಗೆ ಶಾಮಿ. ನೆನೆದಷ್ಟೂ ಅದು ಕೈಗೆ ಅಂಟಿಕೊಳ್ಳುತ್ತೆ. ಪೂರ್ತಿ ಒಣಗಿದ್ರೆ ಜಾರುತ್ತೆ, ಅದಕ್ಕೇ ಆಟಕ್ಕೆ ಮುಂಚೆ ಸ್ವಲ್ಪ ನೀರು ಚಿಮುಕಿಸ್ತಾರೆ. ನೀರು ಕುಡಿದ ಶಾಮಿ ತೂಕವೂ ಏರುತ್ತೆ, ತಕ್ಕಡಿ ಮೇಲೆ ಒದ್ದೆಯಾಗಿಯೂ ಒಮ್ಮೆ ತೂಗಿ ನೋಡಿ. ಬೇಸಿಗೆಯ ಮಣ್ಣಿನ ಮೈದಾನಕ್ಕೆ ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್) ಗ್ರಿಪ್ ವಾಸಿ, ಧೂಳು ಹಿಡಿದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಹೋಗುತ್ತೆ. ಶಾಮಿಗೆ ಕೆಮ್ಮಣ್ಣು ಹಿಡಿದ್ರೆ ಗಟ್ಟಿಯಾಗಿ ಕೈ ಉಜ್ಜುತ್ತೆ.

1997ರಲ್ಲಿ ಪಾಂಡಂಡ ಕುಟ್ಟಪ್ಪ ಕೊಡಗಿನ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೇ ಮನೆತನದ ಹುಡುಗರು, ಹೆಣ್ಣುಮಕ್ಕಳು, ವಯಸ್ಸಾದವರು ಒಟ್ಟಿಗೆ ಇಳೀತಾರೆ. ಅಲ್ಲಿಗೆ ಹೋಗೋರಿಗೆ ಒಂದು ಮಾತು: ಅಣ್ಣನ ಸ್ಟಿಕ್ ತಂಗಿ ಹಿಡಿಯೋ ಹಾಗಿದ್ರೆ ಮೇಲಿನ ಗ್ರಿಪ್ ಬಿಚ್ಚಿ, ಅಡಿಯ ಫ್ಯಾಕ್ಟರಿ ಗ್ರಿಪ್ ಮೇಲೆ ತೆಳು ಓವರ್‌ಗ್ರಿಪ್ (ಗ್ರಿಪ್ ಮೇಲೆ ಸುತ್ತೋ ಪಟ್ಟಿ) ಒಂದನ್ನ ಮಾತ್ರ ಹಾಕಿ ಕೊಡಿ. ಉದ್ದ ಹೆಚ್ಚಾಯ್ತು ಅಂತ ಕಾಂಪೋಸಿಟ್ ಹ್ಯಾಂಡಲ್ ಗರಗಸದಲ್ಲಿ ಕೊಯ್ಯೋಕೆ ಹೋಗ್ಬೇಡಿ. ನಾರು ಬಿಚ್ಚಿಕೊಳ್ಳುತ್ತೆ, ಕಾರ್ಬನ್ ಪುಡಿ ಮೂಗಿಗೆ ಹೋದ್ರೆ ಕೆಟ್ಟದ್ದು.

ಸರಿ, ಸುತ್ತೋಣ. ಹಳೇ ಗ್ರಿಪ್‌ನ ಕೆಳಗಿನ ಟೇಪು ಬಿಚ್ಚಿ, ನಿಧಾನವಾಗಿ ಎಳೆದು ತೆಗೀರಿ. ಅಂಟು ಉಳಿದಿದ್ರೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಉಜ್ಜಿ. ಬೆಂಕಿ ಹತ್ರ ಹಿಡಿಯೋದು, ಹೀಟ್ ಗನ್ ಬಿಡೋದು ಬೇಡ, ರೆಸಿನ್ ಮೆತ್ತಗಾದ್ರೆ ಸ್ಟಿಕ್ ಹೋದ ಹಾಗೇ. ಬ್ಲೇಡಿನಿಂದ ಕೆರೆಯೋದೂ ಬೇಡ, ಕೆಳಗಿನ ನಾರಿಗೆ ಗೀರು ಬಿದ್ರೆ ಅಲ್ಲಿಂದಲೇ ಬಿರುಕು ಶುರು ಆಗುತ್ತೆ.

ಗ್ರಿಪ್‌ನ ಒಂದು ತುದಿ ಮೊನೆಯಾಗಿ ಕತ್ತರಿಸಿರುತ್ತೆ, ಅದನ್ನ ಹ್ಯಾಂಡಲ್‌ನ ಮೇಲ್ತುದಿಗೆ ಅಂಟಿಸಿ. ಮೊದಲ ಸುತ್ತು ನೇರ, ಸುತ್ತಿನ ಮೇಲೇ ಸುತ್ತು. ಆಮೇಲೆ ಓರೆ. ಒಂದು ಕೈ ಗ್ರಿಪ್ಪನ್ನ ಒಂದೇ ಹದದಲ್ಲಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈ ಸ್ಟಿಕ್ ತಿರುಗಿಸಬೇಕು. ಪ್ರತಿ ಸುತ್ತೂ ಹಿಂದಿನದರ ಮೇಲೆ 2-3 ಮಿ.ಮೀ. ಕೂತ್ರೆ ಸಾಕು. ಎಳೆತ ಸಡಿಲ ಆದ ಕಡೆ ಸುಕ್ಕು ಬೀಳುತ್ತೆ, ಆ ಸುಕ್ಕೇ ನಾಳೆ ಬೊಬ್ಬೆ ಬರಿಸುತ್ತೆ. ಶಾಮಿಯನ್ನ ಅತಿಯಾಗಿ ಎಳೆದ್ರೆ ತೆಳ್ಳಗಾಗಿ ನೀರು ಹೀರೋ ಶಕ್ತಿ ಕಳ್ಕೊಳ್ಳುತ್ತೆ.

ಮೇಲಿನಿಂದ ಕೆಳಗೆ ಸುತ್ತೋದಕ್ಕೆ ಕಾರಣ ಇದೆ. ಹೀಗೆ ಸುತ್ತಿದಾಗ ಪ್ರತಿ ಸುತ್ತಿನ ಅಂಚೂ ಮೇಲ್ಮುಖವಾಗಿರುತ್ತೆ. ಹಿಟ್ ಮಾಡೋಕೆ ಬಲಗೈ ಸರ‍್ರನೆ ಎಡಗೈ ಹತ್ರ ಏರಬೇಕಲ್ಲ, ಆಗ ಅಂಚು ಅಡ್ಡ ಬರಲ್ಲ. ಕೈ ಕೆಳಗಿಳಿಯುವಾಗ ಸ್ವಲ್ಪ ತಡೆಯುತ್ತೆ, ಆದ್ರೆ ಆ ಚಲನೆಗೆ ಅಷ್ಟು ಅವಸರ ಇರಲ್ಲ.

ಎಲ್ಲಿ ಮುಗಿಸಬೇಕು ಅನ್ನೋದು ನಿಮ್ಮ ಆಟದ ಮೇಲೆ. ಡ್ರಿಬಲ್‌ಗೆ ಬಲಗೈ ಎಲ್ಲಿ ಕೂರುತ್ತೋ ಅದರ ಕೆಳಗೆ ಒಂದು ಅಂಗೈ ಅಗಲ ಗ್ರಿಪ್ ಇದ್ರೆ ಮುಂದಿನ ಸಾಲಿನವರಿಗೆ ಸಾಕು. ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನ ಹೊಡೆಯದೇ ಸ್ಟಿಕ್‌ನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸೋದು) ಮಾಡೋರು, ಕೊಡಗಿನ ಆಟಗಾರ ವಿ.ಆರ್. ರಘುನಾಥ್ ಮಾಡ್ತಿದ್ದಂಥ ಕೆಲಸ ಅದು, ಕೈಗಳನ್ನ ಅಗಲ ಇಟ್ಟು ಬಲಗೈ ಇನ್ನೂ ಕೆಳಗೆ ಹಿಡೀತಾರೆ. ಅವರ ಗ್ರಿಪ್ ಉದ್ದ ಬೇಕು. ಒಂದು ಗ್ರಿಪ್ ಸಾಲದಿದ್ರೆ ಕೆಳಗಿನ ತುಂಡಿಗೆ ತೆಳು ಓವರ್‌ಗ್ರಿಪ್ ಜೋಡಿಸಿ. ಗೋಲ್‌ಕೀಪರ್ ಬಲಗೈ ಒಂದರಲ್ಲೇ ಹಿಡಿಯೋದು, ಅವರು ತಮ್ಮ ಕೈ ನಿಲ್ಲೋ ಜಾಗದ ಮೇಲೆ ಕೆಳಗೆ ಎರಡೂ ಕಡೆ ಬಿಟ್ಟು ಸುತ್ತಿಕೊಳ್ಳಲಿ.

ಕೊನೆಯ ಅಂಚನ್ನ ಓರೆಯಾಗಿ ಕತ್ತರಿಸಿ, ಟೇಪು ಎರಡು ಸುತ್ತು ಬಿಗಿಯಾಗಿ. ಈಗ ಮತ್ತೆ ತಕ್ಕಡಿ, ಮತ್ತೆ ದಾರ. ಸ್ಟಿಕ್‌ನ ಹೊಸ ತೂಕ, ಹೊಸ ಬ್ಯಾಲೆನ್ಸ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕಿಟ್ ಬ್ಯಾಗಲ್ಲಿ ಇಡಿ. ಮುಂದಿನ ಸಲ ಬೇರೆ ಗ್ರಿಪ್ ಹಾಕಿದಾಗ ಏನು ಬದಲಾಯ್ತು ಅಂತ ಊಹಿಸಬೇಕಾಗಿಲ್ಲ.

ಆಟ ಆದ ಮೇಲೆ ಒದ್ದೆ ಸ್ಟಿಕ್ಕನ್ನ ಬ್ಯಾಗಲ್ಲೇ ಬಿಡಬೇಡಿ, ಶಾಮಿ ಬೂಸ್ಟು ಹಿಡಿಯುತ್ತೆ. ನೆರಳಲ್ಲಿ, ಗಾಳಿ ಆಡೋ ಕಡೆ ಒಣಗಿಸಿ. ನೀರು ಚಿಮುಕಿಸಿದ್ರೂ ಮೆತ್ತಗಾಗದೇ ಗಟ್ಟಿಯಾಗೇ ಉಳಿದ್ರೆ ಅದರ ಕಾಲ ಮುಗೀತು ಅಂತ. ಹೊಸದನ್ನ ಪಂದ್ಯದ ಹಿಂದಿನ ರಾತ್ರಿ ಸುತ್ತಬೇಡಿ. ಎರಡು ಪ್ರಾಕ್ಟೀಸ್ ಮುಂಚೆಯೇ ಸುತ್ತಿ, ಆ ಹೊತ್ತಿಗೆ ಸುತ್ತುಗಳು ಕೂತಿರುತ್ತವೆ, ಸಡಿಲ ಆದ ಕೆಳಗಿನ ಟೇಪನ್ನ ಒಮ್ಮೆ ಬಿಗಿದ್ರೆ ಆಯ್ತು.