18 ಅಡಿ ಕೋಲಿನ ಮುಂದೆ ಕ್ಲೇಮೋರ್ ಏನು ಮಾಡುತ್ತೆ?

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡೋದಿತ್ತು, ಅದನ್ನ ಪಕ್ಕಕ್ಕಿಟ್ಟಿದ್ದೀನಿ. ಹೋದ ಸಂಚಿಕೆ ಕೆಳಗೆ ಬಂದಿರೋ ಒಂದು ಕಾಮೆಂಟ್ ಓದ್ತೀನಿ, ಕೇಳಿ. "ಈಟಿ ಅಂದ್ರೆ ಬರೀ ಕೋಲು. ಸ್ಕಾಟಿಷ್ ಕ್ಲೇಮೋರ್ ಒಂದೇಟು ಬೀಸಿದ್ರೆ ಎರಡು ತುಂಡು." ಇದಕ್ಕೆ ಲೈಕ್ ಬೇರೆ! ಕ್ಲೇಮೋರ್ ಅಂದ್ರೆ ಎರಡು ಕೈಯಲ್ಲಿ ಬೀಸೋ ದೊಡ್ಡ ಕತ್ತಿ.

ಬರೀ ಕೋಲು. ಆ ಬರೀ ಕೋಲೇ ಸ್ವಾಮಿ, 1297ರಿಂದ 1547ರವರೆಗೆ, ಇನ್ನೂರೈವತ್ತು ವರ್ಷ, ಆ ದೇಶದ ಯುದ್ಧದ ಆಯುಧ. ಸ್ಕಾಟ್ಲೆಂಡಿನ ಆಯುಧ ಯಾವುದು ಅಂತ ಕೇಳಿದ್ರೆ ಕೋಲು ಅಂತಲೇ ಹೇಳಬೇಕು. ಇವತ್ತು ಇದೊಂದನ್ನೇ ಹೇಳ್ತೀನಿ.

ಮೊದಲು ಕಾನೂನು ನೋಡಿ. 1318ರಲ್ಲಿ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ಮಾಡಿದ ಕಾಯ್ದೆ. ಒಂದು ಹಸುವಿನ ಬೆಲೆಯಷ್ಟು ಸ್ವತ್ತಿರೋ ಪ್ರತಿಯೊಬ್ಬನ ಹತ್ರ ಒಂದು ಒಳ್ಳೆ ಈಟಿ ಇರಬೇಕು, ಇಲ್ಲಾಂದ್ರೆ ಒಂದು ಬಿಲ್ಲು, 24 ಬಾಣ. 10 ಪೌಂಡ್ ಆಸ್ತಿ ಇದ್ದೋನು ಮೈಗೆ ದಪ್ಪ ಹೊಲಿಗೆಯ ಅಂಗಿ, ತಲೆಗೆ ಶಿರಸ್ತ್ರಾಣ ಇಟ್ಟುಕೊಂಡು ಕತ್ತಿಯನ್ನೂ ಇಟ್ಟುಕೊಳ್ಳಬೇಕು, ಆದರೆ ಅವನಿಗೂ ಈಟಿ ತಪ್ಪಲಿಲ್ಲ. ಇನ್ನು ನೀವು ಹೇಳೋ ಆ ಎರಡು ಕೈಯ ದೊಡ್ಡ ಕ್ಲೇಮೋರ್ ಬಂದಿದ್ದು 1500ರ ಆಸುಪಾಸಿನಲ್ಲಿ. ಇಂಗ್ಲಿಷರ ವಿರುದ್ಧ ಹೋರಾಡಿದ ಸ್ಕಾಟ್ ನಾಯಕ ವಾಲೇಸ್ ಸತ್ತು ಇನ್ನೂರು ವರ್ಷ ಆಗಿತ್ತು ಆಗ.

ಈಗ ಕಡಿಯೋ ವಿಷಯಕ್ಕೆ ಬರೋಣ. ಕಡಿಯೋದು ಯಾಕೆ ಕಷ್ಟ ಅಂತ ಗುದ್ದಲಿಗೆ ಕಾವು ಹಾಕಿದ ಯಾವ ರೈತನನ್ನ ಬೇಕಾದ್ರೂ ಕೇಳಿ. 1471ರಲ್ಲಿ ಸ್ಕಾಟ್ ಸಂಸತ್ತು ಒಂದು ಕಾಯ್ದೆ ಮಾಡ್ತು: ಹೊರದೇಶದಿಂದ ಈಟಿ ತರಿಸೋ ವ್ಯಾಪಾರಿ ಆರು ಎಲ್‌ಗಿಂತ ಗಿಡ್ಡದ್ದನ್ನ ತರಬಾರದು. ಒಂದು ಸ್ಕಾಟಿಷ್ ಎಲ್ ಅಂದ್ರೆ 37 ಅಂಗುಲ. ಆರಕ್ಕೆ ಗುಣಿಸಿ, 222 ಅಂಗುಲ, ಹದಿನೆಂಟೂವರೆ ಅಡಿ! ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಕೋಲು ಒಂದೇ ಸೀಳಿನದಾಗಿರಬೇಕು. ಯಾಕೆ? ಗರಗಸ ಮರದ ಎಳೆ ನೋಡಲ್ಲ, ಅಡ್ಡಡ್ಡ ಕೊಯ್ದುಬಿಡುತ್ತೆ, ಎಳೆ ಎಲ್ಲಿ ಹೊರಗೆ ಬರುತ್ತೋ ಅಲ್ಲೇ ಕೋಲು ಮುರಿಯುತ್ತೆ. ಬೆಣೆ ಹೊಡೆದು ಸೀಳಿದ ಮರ ಎಳೆ ಹೋದ ದಾರೀಲೇ ಬಿಚ್ಚಿಕೊಳ್ಳುತ್ತೆ, ಬುಡದಿಂದ ತುದಿವರೆಗೆ ಎಳೆ ಅಖಂಡ. ಇಂಥ ಕೋಲಿಗೆ ಆಶ್ ಮರ ಹೆಸರುವಾಸಿ. ಬಾಗುತ್ತೆ, ಬೇಗ ಮುರಿಯಲ್ಲ. ಈಟಿಯ ಅಲಗಿನ ಕೆಳಗೆ ಎರಡು ಕಬ್ಬಿಣದ ಪಟ್ಟಿಗಳನ್ನ ಕೋಲಿನ ಮೇಲೆ ಸ್ವಲ್ಪ ದೂರ ಇಳಿಸಿ ಮೊಳೆ ಹೊಡೆದಿರ್ತಾರೆ, ಕಡಿಯೋನ ಏಟು ಬೀಳೋ ಜಾಗಕ್ಕೇ ಸರಿಯಾಗಿ.

ಇದರ ಮೇಲೆ, ಕೋಲಿನ ಆ ತುದಿ ಯಾವುದಕ್ಕೂ ಒರಗಿರಲ್ಲ. ಕಟ್ಟಿಗೆಯನ್ನ ದಿಮ್ಮಿ ಮೇಲಿಟ್ಟು ಕಡೀತೀರಿ. ಗಾಳೀಲಿ ತೂಗೋ ಗಳಕ್ಕೆ ಮಚ್ಚು ಬೀಸಿ ನೋಡಿ, ಗಳ ಪಕ್ಕಕ್ಕೆ ಹೋಗುತ್ತೆ, ಏಟಿನ ಬಲ ಅದರ ಜೊತೆಗೇ ಹೋಗುತ್ತೆ. ತಿರುಗಿ ಅದೇ ಜಾಗಕ್ಕೆ ಬರುತ್ತೆ, ನಿಮ್ಮ ಮುಖದ ಮುಂದೆ.

ಆಯ್ತು, ಒಂದು ಕಡಿದೇ ಬಿಟ್ರಿ ಅಂತಲೇ ಇಟ್ಟುಕೊಳ್ಳೋಣ. ಲೆಕ್ಕ ಹಾಕಿ. 18 ಅಡಿ ಪೈಕ್, ಅಂದ್ರೆ ಇದೇ ಉದ್ದ ಈಟಿ, ಹಿಡಿಯೋಕೆ ಬುಡದಲ್ಲಿ 4 ಅಡಿ ಬಿಡಿ. ಮೊದಲ ಸಾಲಿನವನ ಮುಂದೆ 14 ಅಡಿ ಚಾಚಿದೆ. ಸಾಲಿಗೂ ಸಾಲಿಗೂ 3 ಅಡಿ ಅಂದ್ರೆ ಎರಡನೇ ಸಾಲಿನದ್ದು 11 ಅಡಿ, ಮೂರನೇದು 8, ನಾಲ್ಕನೇದು 5. ಕ್ಲೇಮೋರ್ ಒಟ್ಟು ಉದ್ದ ಸುಮಾರು ನಾಲ್ಕೂವರೆ ಅಡಿ. ಒಬ್ಬ ಮನುಷ್ಯನನ್ನ ಮುಟ್ಟೋಕೆ ನಾಲ್ಕು ಮೊನೆ ದಾಟಬೇಕು, ಅದೂ ಪಕ್ಕದ ಗೆಳೆಯರ ಕೈ ಕಡಿಯದ ಹಾಗೆ ಬೀಸ್ತಾ! 1547ರಲ್ಲಿ ಪಿಂಕಿ ಯುದ್ಧ ನೋಡಿದ ಇಂಗ್ಲಿಷರವನೇ ಬರೆದಿದ್ದಾನೆ, ಸಿಟ್ಟಿಗೆದ್ದ ಮುಳ್ಳುಹಂದಿಯ ಮೈಗೆ ಬರಿಬೆರಳು ಇಳಿದ್ರೆ ಈ ಸಾಲಿನೊಳಗೂ ನುಗ್ಗಬಹುದು ಅಂತ. ಅವತ್ತು ಇಂಗ್ಲಿಷ್ ಕುದುರೆ ಪಡೆ ಬಂದು ಬಡಿದು ಹಿಂದಕ್ಕೆ ಹೋಯ್ತು. ಆಮೇಲೆ ಸಾಲು ಒಡೆದದ್ದು ಫಿರಂಗಿ, ಬಂದೂಕು, ಬಾಣ.

ಈ ಲೆಕ್ಕ ಉಪಯೋಗಕ್ಕೆ ಬಂದ್ರೆ ಸಬ್‌ಸ್ಕ್ರೈಬ್ ಆಗಿ. ಲೆಕ್ಕ ಕೊಡೋ ಚಾನೆಲ್ ಇದು, ಡ್ರಾಮಾ ಕೊಡೋದಲ್ಲ.

ಈಗ ಸ್ವಲ್ಪ ಓದಿಕೊಂಡವರು ಬರ್ತಾರೆ. "ಹಾಗಾದ್ರೆ ಫ್ಲಾಡನ್?" ಹೌದು, 1513ರ ಸೆಪ್ಟೆಂಬರ್ 9, ಸ್ಕಾಟರು ಇಂಗ್ಲಿಷರಿಗೆ ಸೋತ ಯುದ್ಧ. ನಾಲ್ಕನೇ ಜೇಮ್ಸ್ ರಾಜನೇ ಸತ್ತ. ಇಂಗ್ಲಿಷರ ಕೈಲಿದ್ದದ್ದು ಬಿಲ್. ಬಿಲ್ಲು ಅಲ್ಲ, ಬಿಲ್. ಬೇಲಿ ಸವರೋ ಕೊಕ್ಕೆಗತ್ತಿಯನ್ನ 8 ಅಡಿ ಕೋಲಿಗೆ ಸಿಕ್ಕಿಸಿದ ಆಯುಧ. ಅದು ಪೈಕ್‌ಗಳ ತಲೆ ಕತ್ತರಿಸ್ತು, ಒಪ್ಪಿದೆ. ಯಾವಾಗ ಕತ್ತರಿಸ್ತು ಅಂತ ಮಾತ್ರ ಯಾರೂ ಕೇಳಲ್ಲ.

ಪೈಕ್ ಹಿಡಿಯೋದು ಹೇಗೆ ಅಂತ ಗೊತ್ತಿದ್ರೆ ಉತ್ತರ ತಾನಾಗೇ ಸಿಗುತ್ತೆ. ನಮ್ಮ ತೋಟದಲ್ಲಿ ದೋಟಿ ಹಿಡಿಯೋರು ನೆಟ್ಟಗೆ ಹಿಡೀತಾರೆ, ಅದೇ ಭಾರ. ಪೈಕನ್ನ ಅಡ್ಡಕ್ಕೆ ಹಿಡೀಬೇಕು. ಕೋಲು 3 ಕಿಲೋ ಅಂತಿಟ್ಟುಕೊಳ್ಳಿ, ತೂಕದ ನಡು ಬುಡದಿಂದ 8 ಅಡಿಗೆ. ಹಿಂಗೈ ಬುಡದಲ್ಲಿ, ಮುಂಗೈ 3 ಅಡಿ ಮುಂದೆ. ಆಗ ಮುಂಗೈಗೆ ಬೀಳೋ ಭಾರ 8 ಕಿಲೋ, ಹಿಂಗೈ 5 ಕಿಲೋ ಬಲದಿಂದ ಕೆಳಕ್ಕೆ ಒತ್ತಿಕೊಂಡೇ ಇರಬೇಕು. ಅದಕ್ಕೇ ಕೋಲನ್ನ ತುದಿ ಕಡೆಗೆ ಸಣ್ಣ ಮಾಡ್ತಾರೆ. ಇಂಥದ್ದನ್ನ ಹಿಡಿದು ಬ್ರ್ಯಾಂಕ್ಸ್‌ಟನ್ ಗುಡ್ಡ ಇಳಿದು ಬಂದವರಿಗೆ ಬುಡದಲ್ಲಿ ಸಿಕ್ಕಿದ್ದು ಕೆಸರಿನ ಹಳ್ಳ. ಒಬ್ಬನ ಕಾಲು ಹೂತ್ರೆ ಅವನ ಮೊನೆ ಮೇಲಕ್ಕೆ ಹಾರುತ್ತೆ, ಪಕ್ಕದವನ ಕೋಲಿಗೆ ತಗಲುತ್ತೆ, ಹಿಂದಿನವರು ತಳ್ತಾನೇ ಇರ್ತಾರೆ. ಸಾಲು ಹರೀತು. ಬಿಲ್ ಒಳಗೆ ಬಂತು.

ಅದೇ ದಿನ, ಅದೇ ಪೈಕ್, ಎಡಗಡೆ ಹೋಮ್ ಮತ್ತು ಹಂಟ್ಲಿ ಪಡೆಗಳಿಗೆ ನೆಲ ಅನುಕೂಲವಾಗಿತ್ತು. ಎದುರಿಗಿದ್ದ ಎಡ್ಮಂಡ್ ಹೋವರ್ಡ್ ಪಡೆಯನ್ನ ಒಡೆದುಹಾಕಿದರು! ಸೋತಿದ್ದು ಹಳ್ಳದಲ್ಲಿ, ಕೋಲಿನಿಂದಲ್ಲ. ಇನ್ನೂ ಕೇಳಿ, ಕೆಸರಲ್ಲಿ ಸಿಕ್ಕವರು ಪೈಕ್ ಬಿಸಾಕಿ ಏನು ಹಿರಿದರು? ಕತ್ತಿ. ನಿಮ್ಮ ಪ್ರೀತಿಯ ಕತ್ತಿ. 8 ಅಡಿ ಬಿಲ್ ಮುಂದೆ ಆ ಕತ್ತಿ ಎಟುಕಲೇ ಇಲ್ಲ. ಗೆದ್ದ ಬಿಲ್ ಕೂಡ ಕೋಲಾಯುಧವೇ!

"ಫಾಲ್ಕರ್ಕ್?" 1298, ಇಂಗ್ಲಿಷರ ಜೊತೆ ಇನ್ನೊಂದು ಯುದ್ಧ. ಕುದುರೆ ಮೇಲಿನ ಇಂಗ್ಲಿಷ್ ನೈಟ್‌ಗಳಿಗೆ ವಾಲೇಸ್‌ನ ಈಟಿ ವ್ಯೂಹಗಳ ಒಳಗೆ ಹೋಗೋಕೆ ಆಗಲಿಲ್ಲ. ದೂರದಿಂದ ಬಾಣ ಹೊಡೆದು ತೂತು ಮಾಡಿದ ಮೇಲೆ ಹೋದರು. ಕತ್ತಿ ಇಲ್ಲಿ ಏನು ಮಾಡ್ತು? ಹೇಳಿ.

"ಹೈಲ್ಯಾಂಡರ್‌ಗಳು ಕತ್ತಿ ಹಿಡಿದು ನುಗ್ಗಿ ಗೆದ್ದಿಲ್ವಾ?" ಹೈಲ್ಯಾಂಡರ್ ಅಂದ್ರೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯವರು. ಗೆದ್ದರು, 1689ರಲ್ಲಿ ಕಿಲಿಕ್ರ್ಯಾಂಕಿಯಲ್ಲಿ. ಎದುರಿಗಿದ್ದದ್ದು ಬಂದೂಕಿನ ನಳಿಗೆಯೊಳಗೇ ತುರುಕೋ ಚೂರಿ, ಬಯೊನೆಟ್. ತುರುಕಿದ್ರೆ ಗುಂಡು ಹಾರಲ್ಲ, ತುರುಕೋಕೆ ಸಮಯವೂ ಇರಲಿಲ್ಲ. 18 ಅಡಿ ಪೈಕ್ ಅಲ್ಲ ಅದು. 1745ರ ಪ್ರೆಸ್ಟನ್‌ಪ್ಯಾನ್ಸ್‌ನಲ್ಲೂ ಮ್ಯಾಕ್‌ಗ್ರೆಗರ್ ಕುಲದ ಹೈಲ್ಯಾಂಡರ್‌ಗಳು ಹುಲ್ಲು ಕೊಯ್ಯೋ ದೊಡ್ಡ ಕುಡುಗೋಲಿನ ಅಲಗನ್ನ ನೆಟ್ಟಗೆ ಮಾಡಿ ಕೋಲಿಗೆ ಕಟ್ಟಿಕೊಂಡೇ ಬಂದಿದ್ದರು. ನೋಡಿ, ಮತ್ತೆ ಕೋಲು.

"ಶ್ರೀರಂಗಪಟ್ಟಣಕ್ಕೆ ನುಗ್ಗಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು, ಕೈಲಿ ಕತ್ತಿ ಇತ್ತಲ್ಲ" ಅಂತ ಇನ್ನೊಬ್ಬರು. ಅದು 1799, ಬಂದೂಕಿನ ಕಾಲ. ಅಧಿಕಾರಿಯ ಕತ್ತಿ ಅದು. ಅದನ್ನ ತಂದು ಇಲ್ಲಿ ಸೇರಿಸಬೇಡಿ.

ಇಂಗ್ಲಿಷರ ಜೊತೆಗಿನ ಬ್ಯಾನಕ್‌ಬರ್ನ್ ಯುದ್ಧದ ಹಿಂದಿನ ದಿನ, 1314ರ ಜೂನ್ 23, ಡಿ ಬೋಹನ್ ಅನ್ನೋ ಇಂಗ್ಲಿಷ್ ನೈಟ್ ತಲೆಯನ್ನ ಬ್ರೂಸ್ ಕೊಡಲಿಯಿಂದ ಸೀಳಿದ. ದೊರೆ ಒಬ್ಬನೇ ಹಾಗೆ ಮುಂದೆ ಹೋಗಬಹುದಾ ಅಂತ ಸುತ್ತಲಿದ್ದವರು ಬೈದರಂತೆ. ಅವನು ಉತ್ತರ ಕೊಡದೆ, ಒಳ್ಳೆ ಕೊಡಲಿಯ ಕಾವು ಮುರೀತಲ್ಲ ಅಂತ ಪೇಚಾಡಿಕೊಂಡ ಅಂತ ಸುಮಾರು ಅರವತ್ತು ವರ್ಷದ ನಂತರದ ಕಾವ್ಯ ಹೇಳುತ್ತೆ. ರಾಜನಿಗೆ ಕಾವಿನ ಚಿಂತೆ! ಅಲಗು ಅಲ್ಲ, ಕಾವು!

ಹೈಲ್ಯಾಂಡ್ ಕಡೆಯ ಲೋಖಾಬರ್ ಕೊಡಲಿ ಬಗ್ಗೆ ಮುಂದಿನ ವಾರ ಪೂರ್ತಿ ಸಂಚಿಕೆ ಇದೆ. ಒಂದೂವರೆ ಅಡಿಯ ಅಲಗು, ಕೋಲಿಗೆ ಎರಡು ಕಡೆ ಹಿಡಿತ, ಹಿಂದೆ ಕೊಕ್ಕೆ. ಎಡಿನ್‌ಬರೋ ನಗರದ ಕಾವಲುಪಡೆ 1817ರಲ್ಲಿ ವಿಸರ್ಜನೆ ಆಗೋವರೆಗೂ ಅದನ್ನ ಹಿಡಿದು ತಿರುಗ್ತಿತ್ತು. ಬೆಲ್ ಒತ್ತಿ ಇಟ್ಟುಕೊಳ್ಳಿ. ಅದರದ್ದೂ ಉದ್ದ ಕೋಲೇ, ಈಗಲೇ ಹೇಳಿಬಿಡ್ತೀನಿ.

ಕಾಮೆಂಟ್ ಹಾಕಿದವರೇ, ನಿಮ್ಮ ಮಾತನ್ನ ಪಿನ್ ಮಾಡಿದ್ದೀನಿ, ಅಳಿಸಲ್ಲ. ಮನೆಯಲ್ಲಿ 18 ಅಡಿ ಬಿದಿರಿನ ಗಳ ಇದ್ರೆ ಬುಡದಲ್ಲಿ ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಸಮವಾಗಿ ಎತ್ತಿ, ಒಂದು ನಿಮಿಷ ನಿಲ್ಲಿ. ಆಮೇಲೆ ಅದೇ ಕಾಮೆಂಟ್ ಕೆಳಗೆ ಬಂದು ಬರೀರಿ, ಅದು ಬರೀ ಕೋಲಾ ಅಂತ.